ಒಳಗೆ ಬರಲೇ?

ಕಳೆದ ದಸರಾ ರಜೆಯಲ್ಲಿ ನನ್ನ ಚಿಕ್ಕಮ್ಮನ ಮಗ ಬೆಂಗಳೂರಿನಿಂದ ಬಂದಿದ್ದ. ಲ್ಯಾಪ್‌ಟಾಪಿನಲ್ಲಿ ಒಂದಷ್ಟು ಸಿನಿಮಾ ತುಂಬಿಸಿಕೊಂಡು ಬರುವುದು ಅವನ ರೂಢಿ. "ಹಾರರ್ ಇದೆಯಾ?" ಅಂತ ಕೇಳಿದೆ. "ಒಂದುಂಟು ಮಾರಾಯ, ರಕ್ತಪಿಶಾಚಿಯದ್ದು. ಆದರೆ ಸ್ವೀಡಿಷ್ ಭಾಷೆ, ಕೆಳಗೆ ಇಂಗ್ಲಿಷ್ ಓದಬೇಕು. ನಿನಗೆ ಅಷ್ಟು ತಾಳ್ಮೆ ಎಲ್ಲಿ?" ಅಂದ. ಆ ಮಾತಿಗೆ ನನಗೆ ಹಟ ಬಂತು. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಮಾಡಿನ ಕೋಣೆಯಲ್ಲಿ ಇಬ್ಬರೂ ಕೂತೆವು. ಹೆದರಿಕೊಂಡು ನಗಾಡಲಿಕ್ಕೆ ಅಂತ ಕೂತದ್ದು. ಸಿನಿಮಾ ಮುಗಿದ ಮೇಲೆ ನಾನು ತುಂಬ ಹೊತ್ತು ಮಾತಾಡಲಿಲ್ಲ. ಅವನು, "ಹೆದರಿದೆಯಾ?" ಅಂತ ಕೇಳಿದ. ಹೌದು ಅಂದೆ. ಯಾಕೆ ಹೆದರಿದೆ ಅಂತ ಅವನಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಚಿತ್ರದ ಹೆಸರು ಇಂಗ್ಲಿಷಿನಲ್ಲಿ 'ಲೆಟ್ ದ ರೈಟ್ ಒನ್ ಇನ್'. ಸರಿಯಾದವರನ್ನು ಒಳಗೆ ಬಿಡು ಅಂತ ಅರ್ಥ ಮಾಡಿಕೊಳ್ಳಬಹುದು. 2008ರಲ್ಲಿ ಬಂದ ಸ್ವೀಡನ್ನಿನ ಚಿತ್ರ. ನಿರ್ದೇಶಕ ತೋಮಸ್ ಆಲ್ಫ್ರೆಡ್‌ಸನ್. ಯೂನ್ ಐವಿದೆ ಲಿಂಡ್‌ಕ್ವಿಸ್ಟ್ ಎಂಬ ಲೇಖಕ 2004ರಲ್ಲಿ ಬರೆದ ಕಾದಂಬರಿಯನ್ನು ಅವರೇ ಚಿತ್ರಕಥೆ ಮಾಡಿಕೊಟ್ಟಿದ್ದಾರೆ. ಅದೇ ವರ್ಷ 'ಟ್ವೈಲೈಟ್' ಕೂಡ ಬಂದಿತ್ತು. ನಮ್ಮ ಕ್ಲಾಸಿನಲ್ಲಿ ಅದನ್ನು ನೋಡದವರು ಕಡಿಮೆ. ಅದರಲ್ಲಿ ಪಿಶಾಚಿಗಳು ಬಿಸಿಲಿಗೆ ಬಂದರೆ ಮೈ ಮಿನುಗುತ್ತದೆ. ಇದರಲ್ಲಿ ಬಿಸಿಲಿಗೆ ಬಂದರೆ ಸುಟ್ಟುಹೋಗುತ್ತಾರೆ. ಎರಡು ಚಿತ್ರಗಳ ವ್ಯತ್ಯಾಸ ಇಷ್ಟರಲ್ಲೇ ಗೊತ್ತಾಗುತ್ತದೆ ಅಂದುಕೊಳ್ಳುತ್ತೇನೆ.

ನಮ್ಮ ಪತ್ರಿಕೆ ನೋಡಿಕೊಳ್ಳುವ ಸರ್ ಈ ಲೇಖನಕ್ಕೆ ಒಪ್ಪುವಾಗ, "ರಕ್ತ ಗಿಕ್ತ ಸ್ವಲ್ಪ ಕಡಿಮೆ ಮಾಡು" ಅಂದರು. ಮಾಡಿದ್ದೇನೆ. ಆದರೂ ಮೊದಲೇ ಹೇಳಿಬಿಡುತ್ತೇನೆ, ಇದು ಸಣ್ಣ ತಮ್ಮ ತಂಗಿಯರನ್ನು ಪಕ್ಕ ಕೂರಿಸಿಕೊಂಡು ನೋಡುವ ಚಿತ್ರವಲ್ಲ. ಕಥೆಯನ್ನೂ ನಾನು ಕೊನೆಯವರೆಗೆ ಹೇಳುತ್ತೇನೆ. ಹೇಳದೆ ನನ್ನ ಮಾತು ಮುಗಿಯುವುದಿಲ್ಲ.

ಸ್ಟಾಕ್‌ಹೋಮ್ ನಗರದ ಹೊರವಲಯದ ಬ್ಲಾಕೆಬೆರ್ಗ್ ಎಂಬ ಬಡಾವಣೆ, 1980ರ ದಶಕದ ಆರಂಭ. ಒಂದೇ ಥರದ ಫ್ಲ್ಯಾಟುಗಳು, ಮಧ್ಯದಲ್ಲಿ ಒಂದು ಅಂಗಳ, ಎಲ್ಲೆಲ್ಲೂ ಹಿಮ. ಲೇಖಕರು ಬೆಳೆದದ್ದೇ ಆ ಬಡಾವಣೆಯಲ್ಲಂತೆ. ಆದರೆ ಬಹುಪಾಲು ಚಿತ್ರೀಕರಣ ನಡೆದದ್ದು ದೇಶದ ಉತ್ತರ ಭಾಗದ ಲುಲಿಯೊ ಎಂಬ ಊರಲ್ಲಿ, ಅಲ್ಲಿ ಹಿಮ ಖಂಡಿತ ಸಿಗುತ್ತದೆ ಅಂತ. ಆಸ್ಕರ್ ಅಲ್ಲಿನ ಹನ್ನೆರಡು ವರ್ಷದ ಹುಡುಗ. ಬಿಳಿಚಿದ ಮುಖ, ಹಣೆ ಮುಚ್ಚುವ ಹೊಂಬಣ್ಣದ ಕೂದಲು. ಅಪ್ಪ ಅಮ್ಮ ಬೇರೆ ಬೇರೆ ಇದ್ದಾರೆ. ಶಾಲೆಯಲ್ಲಿ ಕಾನಿ ಎಂಬ ಹುಡುಗ ಮತ್ತು ಅವನ ಇಬ್ಬರು ಗೆಳೆಯರು ಇವನಿಗೆ ದಿನಾ ಕಾಟ ಕೊಡುತ್ತಾರೆ. ಹಂದಿಯ ಹಾಗೆ ಅರಚು ಅನ್ನುತ್ತಾರೆ. ಆಸ್ಕರ್ ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ. ಮನೆಗೆ ಬಂದು ರಾತ್ರಿ ಅಂಗಳಕ್ಕಿಳಿದು ಒಂದು ಮರದ ಎದುರು ಚಾಕು ಹಿಡಿದು ನಿಂತು ಅದೇ ಮಾತನ್ನು ಮರಕ್ಕೆ ಹೇಳುತ್ತಾನೆ. ಪೇಪರಿನಲ್ಲಿ ಬಂದ ಕೊಲೆ ಸುದ್ದಿಗಳನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಡುತ್ತಾನೆ.

ಹೀಗೆ ಮರದ ಎದುರು ನಿಂತಿರುವಾಗಲೇ ಹಿಂದಿನಿಂದ ಯಾರೋ ನೋಡುತ್ತಿರುವುದು ಗೊತ್ತಾಗುತ್ತದೆ. ತಿರುಗಿದರೆ ಎಲಿ. ಪಕ್ಕದ ಫ್ಲ್ಯಾಟಿಗೆ ಹೊಸದಾಗಿ ಬಂದವಳು. ಅಷ್ಟು ಚಳಿಯಲ್ಲಿ ಮೈಮೇಲೆ ತೆಳು ಬಟ್ಟೆ. ತಾನು ನಿನ್ನ ಗೆಳತಿಯಾಗಲು ಸಾಧ್ಯವಿಲ್ಲ ಅಂತ ಮೊದಲ ಭೇಟಿಯಲ್ಲೇ ಹೇಳಿಬಿಡುತ್ತಾಳೆ. ನಿನ್ನನ್ನು ಯಾರು ಕೇಳಿದರು ಅನ್ನುವ ಮುಖ ಮಾಡುತ್ತಾನೆ ಆಸ್ಕರ್. ಆಮೇಲೆ ಅವನ ಕೈಯಲ್ಲಿದ್ದ ರೂಬಿಕ್ಸ್ ಕ್ಯೂಬನ್ನು ಅವಳು ಎರವಲು ಪಡೆಯುತ್ತಾಳೆ. ಮರುದಿನ ಅಂಗಳದಲ್ಲಿ ಅದು ಪೂರ್ತಿ ಜೋಡಿಸಿಕೊಂಡು ಕೂತಿರುತ್ತದೆ. ಅಲ್ಲಿಂದ ಸ್ನೇಹ. ಇಬ್ಬರ ಕೋಣೆಗಳ ನಡುವೆ ಒಂದೇ ಗೋಡೆ. ಅದಕ್ಕೆ ಬೆರಳಿನಿಂದ ಬಡಿದು ಮೋರ್ಸ್ ಸಂಕೇತದಲ್ಲಿ ಮಾತಾಡಿಕೊಳ್ಳುತ್ತಾರೆ. ನಿನಗೆಷ್ಟು ವಯಸ್ಸು ಅಂದರೆ ಹೆಚ್ಚುಕಡಿಮೆ ಹನ್ನೆರಡು ಅನ್ನುತ್ತಾಳೆ ಎಲಿ. ಹನ್ನೆರಡಾಗಿ ಬಹಳ ಕಾಲವಾಗಿದೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ಈ ಪಾತ್ರ ಮಾಡಿದ ಹುಡುಗಿ ಲೀನಾ ಲಿಯಾಂಡರ್‌ಸನ್. ಕೇಳಿಸುವ ದನಿ ಮಾತ್ರ ಅವಳದಲ್ಲ, ಎಲಿಫ್ ಜೇಲಾನ್ ಎಂಬ ಬೇರೊಬ್ಬರದ್ದು. ಮಗುವಿನ ಮುಖದಿಂದ ಸ್ವಲ್ಪ ತಗ್ಗಿದ, ದಣಿದ ದನಿ ಬರುವಾಗ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ತಿಳಿಯುವುದಿಲ್ಲ. ಕ್ಯಾಮೆರಾ ಹಿಡಿದದ್ದು ಹೊಯ್ತೆ ವಾನ್ ಹೊಯ್ತೆಮಾ. 'ಒಪೆನ್‌ಹೈಮರ್' ಚಿತ್ರಕ್ಕೆ 2024ರಲ್ಲಿ ಆಸ್ಕರ್ ಪಡೆದದ್ದು ಇದೇ ಮನುಷ್ಯ. ಇಲ್ಲಿ ಕ್ಯಾಮೆರಾ ಹೆಚ್ಚು ಓಡಾಡುವುದಿಲ್ಲ. ದೂರದಲ್ಲಿ ನಿಂತು ನೋಡುತ್ತದೆ, ಇಲ್ಲವೇ ಆಸ್ಕರನ ಉಸಿರು ಕೇಳಿಸುವಷ್ಟು ಹತ್ತಿರ ಬರುತ್ತದೆ. ಭಯಪಡಿಸಲಿಕ್ಕೆ ಅಂತ ಒಮ್ಮೆಲೇ ಬಾಗಿಲು ಬಡಿಯುವ, ಬೆಕ್ಕು ಹಾರಿಸುವ ಆಟಗಳು ಕಡಿಮೆ. (ಬೆಕ್ಕುಗಳ ಒಂದು ದೃಶ್ಯ ಇದೆ. ಚಿತ್ರದಲ್ಲಿ ನನಗೆ ಹಿಡಿಸದ ದೃಶ್ಯ ಅದೊಂದೇ. ಕಂಪ್ಯೂಟರಿನಲ್ಲಿ ಮಾಡಿದ್ದು ಅಂತ ಕಣ್ಣಿಗೆ ಹೊಡೆದು ಕಾಣುತ್ತದೆ.)

ಕೊಲೆಗಳು ನಡೆಯುತ್ತವೆ. ಎಲಿಯ ಜೊತೆ ಹೋಕನ್ ಎಂಬ ವಯಸ್ಸಾದ ಗಂಡಸೊಬ್ಬ ಇದ್ದಾನೆ. ಅವಳಿಗಾಗಿ ಜನರನ್ನು ಕೊಂದು ರಕ್ತ ತರುವುದು ಅವನ ಕೆಲಸ. ಅವನಿಗೆ ಈಗ ಕೈ ನಡೆಯುವುದಿಲ್ಲ, ಎರಡು ಸಲವೂ ಕೆಲಸ ಕೆಡುತ್ತದೆ. ಒಮ್ಮೆ ಹಸಿವು ತಾಳದೆ ಎಲಿಯೇ ಒಂದು ಸೇತುವೆಯ ಕೆಳಗೆ ಕೂತು ಸಹಾಯ ಮಾಡಿ ಅಂತ ಕೂಗುತ್ತಾಳೆ. ಹೋಟೆಲಿನಿಂದ ಮನೆಗೆ ಹೊರಟ ಒಬ್ಬ ಸಾಮಾನ್ಯ ಮನುಷ್ಯ ಕೇಳಿ ನಿಲ್ಲುತ್ತಾನೆ. ಮಗು ಅಂತ ಎತ್ತಿಕೊಳ್ಳುತ್ತಾನೆ. ಅವನೇ ಸಾಯುತ್ತಾನೆ. ಬೇರೆ ಹಾರರ್ ಚಿತ್ರವಾಗಿದ್ದರೆ ಆ ಮನುಷ್ಯನನ್ನು ಅಲ್ಲಿಗೇ ಮರೆಯುತ್ತಿದ್ದರು. ಇಲ್ಲಿ ಅವನಿಗೊಬ್ಬ ಗೆಳೆಯನಿದ್ದಾನೆ, ಹಾಗೆ ಮರೆಯಲು ಅವನು ಒಪ್ಪುವುದಿಲ್ಲ. ಹುಡುಕುತ್ತಾ ಇರುತ್ತಾನೆ. ಎಲಿಯ ಮೇಲೆ ನಮಗೆ ಕನಿಕರ ಹುಟ್ಟಿಸುವ ಚಿತ್ರವೇ ಅವಳ ಕೈಯಲ್ಲಿ ಸತ್ತವನನ್ನೂ ಮರೆಯಲು ಬಿಡುವುದಿಲ್ಲ. ನಾನು ನೋಡಿದ ಭೂತದ ಸಿನಿಮಾಗಳಲ್ಲಿ ಈ ನ್ಯಾಯ ಬೇರೆಲ್ಲೂ ಕಾಣಲಿಲ್ಲ.

ಈಗ ಬಾಗಿಲಿನ ವಿಷಯಕ್ಕೆ ಬರುತ್ತೇನೆ.

ರಕ್ತಪಿಶಾಚಿಗೆ ಮನೆಯವರು ಕರೆಯದೆ ಒಳಗೆ ಬರಲಾಗದು ಅನ್ನುವ ನಿಯಮ ಹಳೆಯದು. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ 'ಡ್ರಾಕುಲಾ' ಕಾದಂಬರಿಯಲ್ಲೂ ಇದೆ. (ಬಿಸಿಲಿಗೆ ಸಾಯುವ ನಿಯಮ ಅದರಲ್ಲಿಲ್ಲ, ಅಲ್ಲಿನ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಬಿಸಿಲಿಗೆ ಕರಗಿ ಹೋಗುವುದನ್ನು ತೋರಿಸಿದ್ದು 1922ರ ಜರ್ಮನ್ ಮೂಕಿ ಚಿತ್ರ 'ನೊಸ್ಫೆರಾಟು'.) ನಮ್ಮಲ್ಲಿ ಬಾಗಿಲಿಗೆ ಬರುವ ಭೂತಕ್ಕೆ ಬೇರೆ ಉಪಾಯ ಇತ್ತು. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿಡುತ್ತಿದ್ದರು. ರಾತ್ರಿ ಮನೆಯವರ ದನಿಯಲ್ಲೇ ಕರೆಯುವ ದೆವ್ವ ಅದನ್ನು ಓದಿ ಹಿಂದೆ ಹೋಗಿ, ನಾಳೆ ಬಂದು, ಮತ್ತೆ ಓದಿ ಹೋಗುತ್ತದೆ ಅಂತ. ನಮ್ಮ ದೆವ್ವಕ್ಕೆ ಅಕ್ಷರ ಬರುತ್ತದೆ, ಬುದ್ಧಿ ಕಡಿಮೆ.

ಈ ಚಿತ್ರದಲ್ಲಿ ಎಲಿ ಆಸ್ಕರನ ಮನೆ ಬಾಗಿಲಲ್ಲಿ ನಿಂತು, ಒಳಗೆ ಬರಲು ಹೇಳಬೇಕು ಅನ್ನುತ್ತಾಳೆ. ಅವಳು ಯಾರು ಅಂತ ಅವನಿಗೆ ಅಷ್ಟರಲ್ಲಿ ಗೊತ್ತಾಗಿದೆ, ಸಿಟ್ಟೂ ಬಂದಿದೆ. ಬಾಯಲ್ಲಿ ಹೇಳದೆ ಕೈಯಲ್ಲಿ ಸನ್ನೆ ಮಾಡುತ್ತಾನೆ, ಅಲ್ಲೇನು ಗೋಡೆ ಇದೆಯಾ ಅಂತ ಚುಡಾಯಿಸುತ್ತಾನೆ. ಕರೆಯದೆ ಬಂದರೆ ಏನಾಗುತ್ತದೆ ನೋಡೋಣ ಅನ್ನುವ ಮಕ್ಕಳ ಕ್ರೌರ್ಯ ಅದು. ಎಲಿ ವಾದ ಮಾಡುವುದಿಲ್ಲ. ಒಂದು ಹೆಜ್ಜೆ ಒಳಗಿಟ್ಟು ಸುಮ್ಮನೆ ನಿಲ್ಲುತ್ತಾಳೆ. ಮೈ ನಡುಗತೊಡಗುತ್ತದೆ. ಕಣ್ಣಿನಿಂದ, ಕಿವಿಯಿಂದ, ಚರ್ಮದ ಒಳಗಿಂದ ರಕ್ತ ಜಿನುಗುತ್ತದೆ. ಆಸ್ಕರ್ ಓಡಿ ಬಂದು, ಬರಬಹುದು, ಬರಬಹುದು ಅಂತ ಕೂಗಿ ಅವಳನ್ನು ತಬ್ಬಿಕೊಳ್ಳುತ್ತಾನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮಗೆ ಮದ್ರಸದಲ್ಲಿ ಸಣ್ಣದರಿಂದಲೇ ಕಲಿಸುವ ಒಂದು ಅದಬ್ ಇದೆ. ಬೇರೆಯವರ ಮನೆಗೆ ಹೋದರೆ ಬಾಗಿಲಿನ ನೇರಕ್ಕೆ ನಿಲ್ಲಬಾರದು, ಪಕ್ಕಕ್ಕೆ ನಿಲ್ಲಬೇಕು. ಸಲಾಂ ಹೇಳಿ ಒಪ್ಪಿಗೆ ಕೇಳಬೇಕು. ಮೂರು ಸಲ ಕೇಳಿಯೂ ಉತ್ತರ ಬಾರದಿದ್ದರೆ ಬೇಸರ ಮಾಡಿಕೊಳ್ಳದೆ ಹಿಂದಿರುಗಬೇಕು. ಅನ್ನೂರ್ ಅಧ್ಯಾಯದಲ್ಲಿ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಮನೆಯೊಳಗೆ ಹೋಗಬೇಡಿ ಅನ್ನುವ ಆದೇಶವಿದೆ. ಉಸ್ತಾದರು ಇದನ್ನು ಕಲಿಸುವಾಗ ನಾವು ಬಾಗಿಲ ಹೊರಗೆ ನಿಂತು ನಾಟಕ ಆಡುತ್ತಿದ್ದೆವು. ಆಗ ನನಗೆ ಅದು ಬರೀ ಶಿಸ್ತಿನ ಮಾತಾಗಿತ್ತು. ಸಿನಿಮಾದ ಜೊತೆ ದೀನಿನ ಮಾತು ಸೇರಿಸಬೇಡ ಅಂತ ಕೆಲವರಿಗೆ ಅನ್ನಿಸಬಹುದು. ಹೋಲಿಸುತ್ತಿಲ್ಲ. ಆ ದೃಶ್ಯ ನೋಡುವಾಗ ನನಗೆ ನೆನಪಾದದ್ದು ಅದೇ, ಅಷ್ಟೇ. ಒಳಗೆ ಬರುವವನ ಜೀವ ಒಪ್ಪಿಗೆ ಕೊಡುವವನ ಬಾಯಲ್ಲಿದೆ ಅನ್ನುವುದನ್ನು ಕಣ್ಣಾರೆ ತೋರಿಸಿದ್ದು ಒಂದು ಭೂತದ ಚಿತ್ರ.

ಆಸ್ಕರನ ಬದುಕಿನಲ್ಲಿ ಹೀಗೆ ಕೇಳಿಕೊಂಡು ಒಳಗೆ ಬಂದವರು ಬೇರೆ ಯಾರೂ ಇಲ್ಲ. ನನ್ನ ಮುಖ್ಯ ಮಾತು ಇದು. ಕಾನಿಯ ಗುಂಪು ಒಂದು ದಿನ ಕೋಲಿನಿಂದ ಹೊಡೆದು ಅವನ ಕೆನ್ನೆ ಸೀಳುತ್ತದೆ. ಅಮ್ಮ ಕೇಳುತ್ತಾಳೆ, ಬಿದ್ದೆ ಅನ್ನುತ್ತಾನೆ, ಅವಳು ನಂಬುತ್ತಾಳೆ. ಅಪ್ಪನ ಮನೆಗೆ ಹೋದಾಗ ಇಬ್ಬರೂ ಅಡುಗೆಮನೆಯ ಮೇಜಿನಲ್ಲಿ ಸೊನ್ನೆ-ಗುಣಾಕಾರದ ಆಟ ಆಡುತ್ತಾರೆ. ಆಸ್ಕರ್ ನಗುವುದು ಅಪರೂಪ, ಅಲ್ಲಿ ನಗುತ್ತಾನೆ. ಆಗ ಅಪ್ಪನ ಗೆಳೆಯ ಬರುತ್ತಾನೆ, ಬಾಟಲಿ ಹೊರಗೆ ಬರುತ್ತದೆ, ಆಟ ಅಲ್ಲಿಗೇ ನಿಲ್ಲುತ್ತದೆ. ಅಪ್ಪ ಬೈಯುವುದಿಲ್ಲ, ಹೊಡೆಯುವುದಿಲ್ಲ. ಮಗ ಎದುರಿಗೆ ಕೂತಿರುವುದನ್ನು ಮರೆಯುತ್ತಾನೆ. ಇಡೀ ಚಿತ್ರದಲ್ಲಿ ಒಂದು ಹನಿ ರಕ್ತವೂ ಇಲ್ಲದ ಈ ದೃಶ್ಯ ನನಗೆ ಎಲ್ಲಕ್ಕಿಂತ ಕ್ರೂರವಾಗಿ ಕಂಡಿತು. ಶಾಲೆಯ ವ್ಯಾಯಾಮದ ಮೇಷ್ಟ್ರು ಒಳ್ಳೆಯವರೇ, ಅವರಿಗೂ ಕಾಣುವುದಿಲ್ಲ. ಕೆನ್ನೆಯ ಗಾಯದ ಬಗ್ಗೆ ನಿಜವಾದ ಉತ್ತರ ಬರುವ ತನಕ ಕೇಳಿದ್ದು ಎಲಿ ಒಬ್ಬಳೇ. ಕೇಳಿ ಅವಳು ಕೊಟ್ಟ ಸಲಹೆ, ತಿರುಗಿ ಹೊಡಿ, ನಿನಗೆ ಧೈರ್ಯ ಇರುವುದಕ್ಕಿಂತಲೂ ಜೋರಾಗಿ ಹೊಡಿ. ಕೊಲೆಗಾರ್ತಿ ಬೇರೆ ಏನು ಸಲಹೆ ಕೊಟ್ಟಾಳು? ಅವಳಿಗೆ ಗೊತ್ತಿದ್ದದ್ದನ್ನು ಕೊಟ್ಟಳು. ಬೇರೆ ಗೊತ್ತಿದ್ದವರು ಯಾರೂ ಕೇಳಲಿಲ್ಲ.

ಹುಡುಗ ಹಾಗೇ ಮಾಡುತ್ತಾನೆ. ಹೆಪ್ಪುಗಟ್ಟಿದ ಕೆರೆಗೆ ಶಾಲೆಯ ಪ್ರವಾಸ ಹೋದಾಗ ಕಾನಿ ಅವನನ್ನು ನೀರಿಗೆ ತಳ್ಳಲು ಬರುತ್ತಾನೆ, ಇವನು ಉದ್ದದ ಕೋಲಿನಿಂದ ಅವನ ಕಿವಿಗೆ ಬಾರಿಸುತ್ತಾನೆ. ಕಾನಿ ಕಿವಿ ಹಿಡಿದು ಅರಚುತ್ತಾನೆ. ಆಸ್ಕರನ ಮುಖದಲ್ಲಿ ಒಂದು ನಗು ಹರಡುತ್ತದೆ. ನಾನೂ ನನ್ನ ಚಿಕ್ಕಮ್ಮನ ಮಗನೂ "ಹಾಗೆ ಬೇಕು!" ಅಂದೆವು. ಅದೇ ಹೊತ್ತಿಗೆ ಕೆರೆಯ ಇನ್ನೊಂದು ಬದಿಯಲ್ಲಿ ಸಣ್ಣ ಮಕ್ಕಳಿಗೆ ಮಂಜುಗಡ್ಡೆಯೊಳಗೆ ಒಂದು ಹೆಣ ಕಾಣುತ್ತದೆ. ಸೇತುವೆಯ ಕೆಳಗೆ ಮಗುವನ್ನು ಎತ್ತಿಕೊಂಡವನ ಹೆಣ. ನಾವು ಚಪ್ಪಾಳೆ ತಟ್ಟಿದ ಹೊತ್ತಿಗೇ ನಿರ್ದೇಶಕರು ಅದನ್ನು ಮೇಲೆ ತಂದಿದ್ದಾರೆ.

ಕೊನೆಯಲ್ಲಿ ಈಜುಕೊಳ. ಕಾನಿಯ ಅಣ್ಣ ಜಿಮ್ಮಿ ಸೇಡಿಗೆ ಬರುತ್ತಾನೆ. ಮೂರು ನಿಮಿಷ ನೀರಿನೊಳಗೆ ಇರಬೇಕು, ಆಗದಿದ್ದರೆ ಕಣ್ಣು ಕೀಳುತ್ತೇನೆ ಅನ್ನುತ್ತಾನೆ. ಆಸ್ಕರನ ಕೂದಲು ಹಿಡಿದು ಅದುಮುತ್ತಾನೆ. ಕ್ಯಾಮೆರಾ ಆಸ್ಕರನ ಜೊತೆ ನೀರಿನೊಳಗೇ ಇರುತ್ತದೆ. ಮೇಲೆ ಏನಾಗುತ್ತಿದೆ ಅಂತ ನಮಗೆ ಕಾಣುವುದಿಲ್ಲ, ಮಂದವಾಗಿ ಗದ್ದಲ ಕೇಳಿಸುತ್ತದೆ. ಆಮೇಲೆ ಹಿಡಿದಿದ್ದ ಕೈ ಸಡಿಲವಾಗುತ್ತದೆ. (ಇಲ್ಲಿ ಸರ್ ಹೇಳಿದ ಹಾಗೆ ಕಡಿಮೆ ಮಾಡುತ್ತಿದ್ದೇನೆ.) ಎಲಿ ಬಂದಿದ್ದಾಳೆ. ನಾವಿಬ್ಬರೂ ಹಾಸಿಗೆಯಿಂದ ಎದ್ದು ನಿಂತೆವು. ಉಮ್ಮ ಕೆಳಗಿನಿಂದ, "ಏನು ಗಲಾಟೆ ಅದು?" ಅಂತ ಕೂಗಿದರು.

ಮರುದಿನ ರಾತ್ರಿ ನಾನೊಬ್ಬನೇ ಆ ಭಾಗವನ್ನು ಮತ್ತೆ ನೋಡಿದೆ. ಆಗ ಕಂಡದ್ದು ಮೊದಲ ಸಲ ಕಾಣದ ಒಂದು ವಿಷಯ. ಎಲ್ಲ ಮುಗಿದ ಮೇಲೆ ಕೊಳದ ಬದಿಯ ಬೆಂಚಿನಲ್ಲಿ ಆ ಗುಂಪಿನ ಒಬ್ಬ ಹುಡುಗ ಜೀವಂತ ಕೂತಿದ್ದಾನೆ. ಮುಖ ಮುಚ್ಚಿಕೊಂಡು ಅಳುತ್ತಿದ್ದಾನೆ. ಎಲಿ ಅವನನ್ನು ಯಾಕೆ ಬಿಟ್ಟಳು ಅಂತ ಚಿತ್ರ ಹೇಳುವುದಿಲ್ಲ. ಅವನು ಅದುಮಲಿಲ್ಲ. ತಡೆಯಲೂ ಇಲ್ಲ.

ನನಗೆ ಹೆದರಿಕೆ ಆದದ್ದು ಅಲ್ಲಿ. ಎರಡು ಗಂಟೆ ನಾನು ನನ್ನನ್ನು ಆಸ್ಕರ್ ಅಂದುಕೊಂಡು ನೋಡಿದ್ದೆ. ಎಲ್ಲರೂ ಹಾಗೇ ನೋಡುತ್ತೇವೆ, ಯಾವ ಸಿನಿಮಾದಲ್ಲೂ ಯಾರೂ ತನ್ನನ್ನು ಖಳನಾಯಕನ ಮೂರನೆಯ ಗೆಳೆಯ ಅಂದುಕೊಳ್ಳುವುದಿಲ್ಲ. ಆದರೆ ನನ್ನ ಜಾಗ ಆ ಬೆಂಚು.

ನಾನು ಹೈಸ್ಕೂಲಿನಲ್ಲಿದ್ದಾಗ (ಯಾವ ಶಾಲೆ ಅಂತ ಬೇಡ) ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಮಾತು ತೊದಲುತ್ತಿತ್ತು. ಎಲ್ಲ ಅಕ್ಷರಕ್ಕಲ್ಲ, 'ಪ' ಬಂದರೆ ಮಾತ್ರ. ಆದರೆ ದಿನಾ ಬೆಳಗ್ಗೆ ಹಾಜರಿ ಕರೆದಾಗ ಹೇಳಬೇಕಾದ ಮಾತು 'ಪ್ರೆಸೆಂಟ್ ಸರ್'. ಅವನ ರೋಲ್ ನಂಬರ್ ಹತ್ತಿರ ಬಂದ ಹಾಗೆ ಇಡೀ ಕ್ಲಾಸು ಕಾಯುತ್ತಿತ್ತು. ಅವನ ತುಟಿ ಕೂಡಿಕೊಂಡು ನಿಲ್ಲುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು. ಒಂದು ದಿನ ನಾನು ಮೆಲ್ಲಗೆ, "ಕುಕ್ಕರ್ ವಿಸಿಲ್ ಬರಲಿಕ್ಕಾಯ್ತು" ಅಂದೆ. ಪಕ್ಕದವರಿಗೆ ಮಾತ್ರ ಕೇಳಲಿ ಅಂತ ಹೇಳಿದ್ದು. ಎಲ್ಲರಿಗೂ ಕೇಳಿಸಿತು. ಅವತ್ತಿನಿಂದ ಅವನು ಕುಕ್ಕರ್.

ಆಮೇಲೆ ಕಾಟ ಕೊಟ್ಟದ್ದು ಬೇರೆ ಮೂವರು. ಅವನ ಊಟದ ಡಬ್ಬಿಯ ಮೇಲೆ ವಿಸಿಲ್ ಚಿತ್ರ ಬರೆದದ್ದು, ಶೌಚಾಲಯದ ಹತ್ತಿರ ಅಡ್ಡಗಟ್ಟಿ 'ಪಪ್ಪಾಯಿ' ಅನ್ನು, 'ಪೊಲೀಸ್' ಅನ್ನು ಅಂತ ಹೇಳಿಸಿದ್ದು, ಅವರು. ನಾನು ಅದ್ಯಾವುದಕ್ಕೂ ಹೋಗಲಿಲ್ಲ. ಎರಡು ಬೆಂಚು ಹಿಂದೆ ಕೂತು ನಕ್ಕೆ, ಕೆಲವು ಸಲ ನಗು ಬಾರದಿದ್ದರೂ ನಕ್ಕೆ. ಒಬ್ಬರು ಟೀಚರ್ ಕೂಡ ಒಂದು ದಿನ ತಮಾಷೆಗೆ ಅದೇ ಹೆಸರಲ್ಲಿ ಅವನನ್ನು ಕರೆದರು. ಅವರು ಕೆಟ್ಟವರಲ್ಲ, ಪಾಠ ಚೆನ್ನಾಗಿ ಮಾಡುತ್ತಿದ್ದರು. ಎಸ್ಸೆಸ್ಸೆಲ್ಸಿಗೆ ಬರುವ ಮುಂಚೆ ಅವನು ಟಿಸಿ ತೆಗೆದುಕೊಂಡು ಹೋದ. ಯಾಕೆ ಹೋದ ಅಂತ ನಾವ್ಯಾರೂ ಕೇಳಿಕೊಳ್ಳಲಿಲ್ಲ. ಮನೆ ಬದಲಾಯಿಸಿದರಂತೆ ಅಂತ ಯಾರೋ ಹೇಳಿದರು, ಅದು ನಮಗೆ ಸಾಕಾಗಿತ್ತು.

ಅವನ ಗೋಡೆಯ ಆಚೆಗೆ ಯಾರು ಇದ್ದರು ಅಂತ ಈಗ ಯೋಚಿಸುತ್ತೇನೆ. ರಾತ್ರಿ ಅವನು ಯಾವ ಮರದ ಎದುರು ನಿಂತು ಏನು ಹೇಳುತ್ತಿದ್ದ? ಕಷ್ಟದಲ್ಲಿರುವ ಹುಡುಗನ ಬಾಗಿಲು ಯಾರಾದರೂ ಒಬ್ಬರು ಬಡಿದೇ ಬಡಿಯುತ್ತಾರೆ. ಗೆಳೆಯರು, ಮೇಷ್ಟ್ರು, ಮನೆಯವರು ಬಡಿಯದಿದ್ದರೆ ಮಾದಕ ವಸ್ತು ಮಾರುವವನು ಬಡಿಯುತ್ತಾನೆ, ಸಿಟ್ಟನ್ನು ಬಳಸಿಕೊಳ್ಳುವ ಗುಂಪುಗಳು ಬಡಿಯುತ್ತವೆ. ಅವರು ಬಹಳ ಪ್ರೀತಿಯಿಂದ ಮಾತಾಡುತ್ತಾರೆ. ಎಲಿಯ ಹಾಗೆ ನಿಜವಾದ ಪ್ರೀತಿಯೂ ಇರಬಹುದು. ಅದೇ ಕಷ್ಟ.

ಚಿತ್ರದ ಅಂತ್ಯದ ಬಗ್ಗೆ ಎರಡು ವಾದ ಇವೆ. ಆಸ್ಕರ್ ಹಗಲಿನ ರೈಲಿನಲ್ಲಿ ಕೂತಿದ್ದಾನೆ, ಪಕ್ಕದಲ್ಲಿ ದೊಡ್ಡ ಪೆಟ್ಟಿಗೆ, ಅದರೊಳಗಿಂದ ಎಲಿ ಬಡಿಯುತ್ತಾಳೆ, ಇವನೂ ಬಡಿದು ಉತ್ತರ ಕೊಡುತ್ತಾನೆ. ನನ್ನ ಚಿಕ್ಕಮ್ಮನ ಮಗ ಹೇಳುವುದು ಇದು ಸುಖಾಂತ್ಯ, ಇಬ್ಬರೂ ಪಾರಾದರು ಅಂತ. ನಾನು ಒಪ್ಪುವುದಿಲ್ಲ. ಹೋಕನ್ ನೆನಪಿದ್ದಾನಲ್ಲ? ಸಿಕ್ಕಿಬಿದ್ದಾಗ ಎಲಿಯ ಗುರುತು ಸಿಗಬಾರದು ಅಂತ ತನ್ನ ಮುಖಕ್ಕೆ ತಾನೇ ಆಸಿಡ್ ಸುರಿದುಕೊಂಡ ಮುದುಕ, ಆಸ್ಪತ್ರೆಯ ಕಿಟಕಿಗೆ ಬಂದ ಅವಳಿಗೆ ತನ್ನ ಕುತ್ತಿಗೆಯನ್ನೇ ಒಡ್ಡಿದವನು. ಅವನೂ ಒಂದು ಕಾಲಕ್ಕೆ ಹೀಗೇ ಯಾವುದೋ ರೈಲಿನಲ್ಲಿ ಪೆಟ್ಟಿಗೆಯ ಪಕ್ಕ ಕೂತ ಹುಡುಗನಾಗಿದ್ದನೇ? ಚಿತ್ರ ಹೌದು ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ. ಎಲಿ ಮೋಸ ಮಾಡಿದಳು ಅಂತ ನಾನು ಹೇಳುತ್ತಿಲ್ಲ. ಹನ್ನೆರಡು ವರ್ಷದ ಮಗುವಿಗೆ ಇಡೀ ಊರಲ್ಲಿ ತನ್ನವರು ಅಂತ ಸಿಕ್ಕಿದ್ದು ಒಂದು ಪೆಟ್ಟಿಗೆ ಮಾತ್ರ. ಅದನ್ನು ನಾನು ಸುಖಾಂತ್ಯ ಅನ್ನಲಾರೆ. 2010ರಲ್ಲಿ ಅಮೆರಿಕದವರು ಇದನ್ನು 'ಲೆಟ್ ಮಿ ಇನ್' ಅಂತ ಮತ್ತೆ ತೆಗೆದರು. ಕೆಟ್ಟದಾಗಿಲ್ಲ, ಆದರೆ ಅಲ್ಲಿ ಆ ಮುದುಕನ ಹಳೆಯ ಫೋಟೋ ತೋರಿಸಿ ಉತ್ತರ ಬಿಡಿಸಿ ಹೇಳಿಬಿಡುತ್ತಾರೆ. ನನಗೆ ಬಿಡಿಸದೆ ಬಿಟ್ಟದ್ದೇ ಇಷ್ಟ.

ನಮ್ಮ ಕಾಲೇಜಿನ ಗೋಡೆಯಲ್ಲೂ ರ‍್ಯಾಗಿಂಗ್ ವಿರೋಧಿ ಪೋಸ್ಟರ್ ಇದೆ. ಹೊಡೆಯುವವನಿಗೆ ಏನು ಶಿಕ್ಷೆ, ಹೊಡೆಸಿಕೊಂಡವನು ಯಾರಿಗೆ ಹೇಳಬೇಕು ಅಂತ ಬರೆದಿದೆ. ಬೆಂಚಿನಲ್ಲಿ ಕೂತವನ ಬಗ್ಗೆ ಅದರಲ್ಲಿ ಏನೂ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಅವರೇ. ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ, ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬನ ಫೋಟೋಗೆ ನಗುವ ಇಮೋಜಿ ಹಾಕಿ ಸುಮ್ಮನಾಗುವವರು. ಹೊಸದಾಗಿ ಫಸ್ಟ್ ಪಿಯುಸಿಗೆ ಬಂದವರಿಗೆ ಈಗಾಗಲೇ ಅಡ್ಡಹೆಸರು ಬಿದ್ದಾಗಿದೆ. ಯಾರಿಗೆ ಏನು ಹೆಸರು ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ರಜೆ ಮುಗಿಯುವ ಮುಂಚೆ ಅವನ ಮನೆ ಎಲ್ಲಿ ಅಂತ ವಿಚಾರಿಸಿ ಹೋದೆ. ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ. ಗೇಟಿನ ಪಕ್ಕಕ್ಕೆ ನಿಂತು ಸಲಾಂ ಹೇಳಿದೆ. ಎರಡನೆಯ ಸಲಕ್ಕೆ ಅವನೇ ಬಂದ. ನನಗಿಂತ ಎತ್ತರ ಆಗಿದ್ದಾನೆ, ಗಡ್ಡ ಬರುತ್ತಿದೆ. ಗೇಟಿನ ಆಚೆ ಅವನು, ಈಚೆ ನಾನು. ಏನು ಓದುತ್ತಿ ಅಂತ ಕೇಳಿದ, ಕಾಮರ್ಸ್ ಅಂದೆ, ತಾನೂ ಕಾಮರ್ಸ್ ಅಂದ. ಅಕೌಂಟೆನ್ಸಿ ಕಷ್ಟ ಅಂತ ಇಬ್ಬರೂ ನಕ್ಕೆವು. 'ಪಾರ್ಟ್‌ನರ್‌ಶಿಪ್' ಅನ್ನುವಾಗ ಅವನ ತುಟಿ ಹಳೆಯ ಹಾಗೇ ಕೂಡಿಕೊಂಡಿತು. ನಾನು ಸುಮ್ಮನೆ ಕಾದೆ. ಮಾತು ಬಂತು.

ಆಮೇಲೆ, "ಆ ಹೆಸರು ಇಟ್ಟದ್ದು ನಾನು" ಅಂದೆ.

"ಗೊತ್ತು" ಅಂದ.

ಮಾಫ್ ಮಾಡು ಅಂತ ಕೇಳಿದೆ. ಅವನು ತಲೆ ಆಡಿಸಿದ. ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಒಳಗಿನಿಂದ ಅವನ ಉಮ್ಮ ಯಾರದು ಅಂತ ಕೇಳಿದರು. "ಹಳೇ ಶಾಲೆಯವನು" ಅಂದ. ಒಳಗೆ ಬಾ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಪರೀಕ್ಷೆಯ ವಿಷಯ ಮಾತಾಡಿ, ನಾಲ್ಕೂವರೆಯ ಬಸ್ಸಿಗೆ ಹೊರಟು ಬಂದೆ.